ಹೀಟರ್ ಕೊಳ್ಳುವ ಮೊದಲು ಸೂರು ನೋಡಿ

ಮಾಗಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ರೇಷ್ಮೆ ಹುಳು ಮನೆಯ ಬಾಗಿಲು ತೆರೆದರೆ ಮುಖಕ್ಕೆ ಹಸಿ ಸೊಪ್ಪಿನ ಬೆಚ್ಚನೆಯ ವಾಸನೆ ಬಡಿಯಬೇಕು. ಬಡಿಯಲಿಲ್ಲವೆಂದರೆ ಆ ಬೆಳೆಯ ಬಗ್ಗೆ ಚಿಂತೆ ಶುರುವಾಯಿತು ಎಂದೇ ಅರ್ಥ. ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ಹುಳು ಮೇಯಿಸಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಪ್ಪನ ಕಾಲಕ್ಕೆ ಗೋಡೆಯ ಮೇಲೆ ಥರ್ಮಾಮೀಟರ್ ಇರಲಿಲ್ಲ. ಅವರು ಅಂಗೈ ಹಿಂಭಾಗವನ್ನು ಹುಳುವಿನ ಹಾಸಿಗೆಯ ಮೇಲೆ ಒಂದು ಬೆರಳು ಎತ್ತರದಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ “ತಣ್ಣಗದೆ, ಕೆಂಡ ಹಾಕ್ಕೊಂಡು ಬಾಮ್ಮಾ” ಎಂದು ಅಮ್ಮನನ್ನು ಕೂಗುತ್ತಿದ್ದರು. ಅಮ್ಮ ಬಚ್ಚಲೊಲೆಯ ಕೆಂಡವನ್ನು ಹಳೆಯ ಕಬ್ಬಿಣದ ಬಾಂಡ್ಲಿಗೆ ತೋಡಿಕೊಂಡು, ಸೆರಗಿನಲ್ಲಿ ಹಿಡಿ ಸುತ್ತಿ, ತಂದು ಸ್ಟ್ಯಾಂಡಿನ ಕೆಳಗೆ ಇಡುತ್ತಿದ್ದಳು.

ಈಗ ಆ ಬಾಂಡ್ಲಿಯ ಜಾಗಕ್ಕೆ ಕರೆಂಟಿನ ಹೀಟರ್ ಬರುತ್ತಿದೆ. ಡಿಸೆಂಬರ್ ಬಂತೆಂದರೆ ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಎಲೆಕ್ಟ್ರಿಕಲ್ ಅಂಗಡಿಗಳ ಮುಂದೆ ಹೀಟರ್ ಡಬ್ಬಗಳು ಸಾಲಾಗಿ ನಿಲ್ಲುತ್ತವೆ. ಹುಳು ಮನೆಗೆ ಬೇಕೆಂದು ಕೆಲವರು ಬರುತ್ತಾರೆ, ಮನೆಯಲ್ಲಿ ಬಾಣಂತಿ ಇದ್ದಾಳೆಂದು ಕೆಲವರು, ಅಜ್ಜಿಗೆ ಮಂಡಿನೋವೆಂದು ಇನ್ನು ಕೆಲವರು. ಎಲ್ಲರ ಪ್ರಶ್ನೆಯೂ ಒಂದೇ: ಯಾವ ಹೀಟರ್ ಒಳ್ಳೆಯದು? ನನ್ನನ್ನೂ ಕೇಳುತ್ತಾರೆ. ಈ ಪ್ರಶ್ನೆಯನ್ನು ನಾವು ಕಡೆಗೆ ಕೇಳಬೇಕು, ಮೊದಲು ಕೇಳುತ್ತಿದ್ದೇವೆ ಎಂಬುದು ನನ್ನ ವಾದ. ಹೀಟರಿಗಿಂತ ಮೊದಲು ನೋಡಬೇಕಾದ್ದು ಆ ಕೋಣೆಯ ಸೂರು. ಅದಕ್ಕೂ ಮೊದಲು ತೀರ್ಮಾನವಾಗಬೇಕಾದ್ದು, ಬೆಚ್ಚಗಾಗಬೇಕಾದ್ದು ಕೋಣೆಯೋ, ಅದರಲ್ಲಿರುವ ಜೀವವೋ ಎಂಬುದು.

ನಮ್ಮ ಚಳಿಯ ಗುಣವನ್ನೇ ಮೊದಲು ನೋಡೋಣ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಊರ ಬೆನ್ನಿಗೇ 1,478 ಮೀಟರಿನ ನಂದಿಬೆಟ್ಟ. ಗೌರಿಬಿದನೂರು ತಗ್ಗಿನಲ್ಲಿದೆ, ಸುಮಾರು 700 ಮೀಟರ್. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಹನ್ನೆರಡು ಹದಿಮೂರು ಡಿಗ್ರಿಗೆ ಇಳಿಯುವುದು ಈ ಬಯಲಿನಲ್ಲಿ ಮಾಮೂಲು, ಕೆಲವು ದಿನ ಅದಕ್ಕೂ ಕೆಳಗೆ ಹೋಗುತ್ತದೆ. ಆದರೆ ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ ಇಪ್ಪತ್ತಾರು, ಇಪ್ಪತ್ತೇಳು ಡಿಗ್ರಿ ಇರುತ್ತದೆ. ಶಿಮ್ಲಾದ ಚಳಿಗೂ ನಮ್ಮ ಚಳಿಗೂ ಇರುವ ವ್ಯತ್ಯಾಸ ಇಲ್ಲಿದೆ. ಅಲ್ಲಿ ಹಗಲೂ ಬಿಸಿ ಇಲ್ಲ, ಹೊರಗಿನಿಂದ ತಂದೇ ಆಗಬೇಕು. ನಮ್ಮಲ್ಲಿ ಸೂರ್ಯ ದಿನಾ ಬೇಕಾದಷ್ಟು ಬಿಸಿ ಕೊಟ್ಟು ಹೋಗುತ್ತಾನೆ, ನಾವು ಅದನ್ನು ಬೆಳಗಿನವರೆಗೆ ಉಳಿಸಿಕೊಳ್ಳಲಾರದೆ ಕಳೆದುಕೊಳ್ಳುತ್ತೇವೆ. ಸಂಜೆ ಆರಕ್ಕೆ ಇಪ್ಪತ್ತೈದು ಇದ್ದ ಕೋಣೆ ಬೆಳಗಿನ ನಾಲ್ಕರ ಹೊತ್ತಿಗೆ ಹದಿನಾಲ್ಕಕ್ಕೆ ಇಳಿಯಿತೆಂದರೆ, ಆ ಬಿಸಿ ಯಾವುದೋ ದಾರಿಯಲ್ಲಿ ಹೊರಗೆ ಹೋಗಿದೆ.

ಆ ದಾರಿ ಸೂರು. ಹಿಂದೆ ಈ ಕಡೆಯ ಮನೆಗಳು ಮಾಳಿಗೆ ಮನೆಗಳು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ತೊಲೆ ಜಂತೆಗಳ ಮೇಲೆ ಮಣ್ಣು ಮೆತ್ತಿದ ಮಾಳಿಗೆ. ಕಿಟಕಿ ಚಿಕ್ಕವು, ಒಳಗೆ ಕತ್ತಲು. ಅದರ ಕಷ್ಟಗಳು ನನಗೆ ಗೊತ್ತು, ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಪಾತ್ರೆ ಇಟ್ಟು ಮಲಗಿದವನು ನಾನು. ಆದರೆ ಆ ಮಣ್ಣು ಹಗಲಿನ ಬಿಸಿಯನ್ನು ಕುಡಿದು ರಾತ್ರಿಯೆಲ್ಲ ನಿಧಾನವಾಗಿ ಬಿಟ್ಟುಕೊಡುತ್ತಿತ್ತು. ಆಮೇಲೆ ಹುಳು ಮನೆಗಳು ಮನೆಯಿಂದ ಹೊರಬಿದ್ದು ತೋಟದ ಪಕ್ಕ ಬೇರೆಯಾಗಿ ನಿಂತವು. ರೋಗ ಹರಡದಿರಲು ಅದು ಬೇಕೇ ಆಗಿತ್ತು, ಕೊಂಬೆ ಸಮೇತ ಸೊಪ್ಪು ಹಾಕುವ ಪದ್ಧತಿಗೂ ದೊಡ್ಡ ಜಾಗ ಬೇಕಿತ್ತು. ಗೋಡೆ ಸಿಮೆಂಟ್ ಇಟ್ಟಿಗೆಯದಾಯಿತು, ಮೇಲೆ ಶೀಟು ಬಂತು. ಬೇಸಿಗೆಯಲ್ಲಿ ಅದು ಕಾವಲಿ, ಚಳಿಗಾಲದಲ್ಲಿ ತೆರೆದ ಆಕಾಶಕ್ಕೂ ಅದಕ್ಕೂ ಬಹಳ ವ್ಯತ್ಯಾಸವಿಲ್ಲ.

ಇದನ್ನು ಲೆಕ್ಕದಲ್ಲಿ ನೋಡಿದರೆ ಸ್ಪಷ್ಟವಾಗುತ್ತದೆ. ನಲವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಹುಳು ಮನೆ ನಮ್ಮಲ್ಲಿ ಅಪರೂಪವಲ್ಲ. ಅದರ ಸೂರು ಸುಮಾರು 74 ಚದರ ಮೀಟರ್. ಬರೀ ಸಿಮೆಂಟ್ ಶೀಟಾದರೆ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಪ್ರತಿ ಚದರ ಮೀಟರಿನಿಂದ ಐದಾರು ವ್ಯಾಟ್ ಬಿಸಿ ಆಚೆ ಹೋಗುತ್ತದೆ. ಒಳಗೆ 25 ಡಿಗ್ರಿ ಬೇಕು, ಹೊರಗೆ 13 ಇದೆ, ವ್ಯತ್ಯಾಸ 12. ಗುಣಿಸಿದರೆ ಸೂರೊಂದರಿಂದಲೇ ಹೆಚ್ಚುಕಡಿಮೆ 5 ಕಿಲೋವ್ಯಾಟ್. ಅಂಗಡಿಯಲ್ಲಿ ಸಿಗುವ ದೊಡ್ಡ ಹೀಟರ್ 2 ಕಿಲೋವ್ಯಾಟಿನದು. ಅಂದರೆ ಎರಡೂವರೆ ಹೀಟರ್ ಇಡೀ ರಾತ್ರಿ ಉರಿದು ಶೀಟನ್ನೇ ಕಾಯಿಸಿದಂತಾಯಿತು; ಗೋಡೆ, ಕಿಟಕಿ, ಬಾಗಿಲ ಸಂದಿನ ಲೆಕ್ಕ ಇನ್ನೂ ಬಾಕಿ. ಹತ್ತು ಗಂಟೆಗೆ 50 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೂ ರಾತ್ರಿಗೆ 300 ರೂಪಾಯಿ. ಎಳೆಯ ಚಾಕಿ ಹಂತ ಮುಗಿಸಿ ತಂದ ಹುಳು ಗೂಡು ಕಟ್ಟಲು ಹಣ್ಣಾಗುವವರೆಗೆ ಹದಿನೆಂಟು ಇಪ್ಪತ್ತು ದಿನ. ಗೂಡಿನ ರೇಟು ಯಾವ ದಿನ ಎಷ್ಟಿರುತ್ತದೋ ತಿಳಿಯದೆ ಮಾರುಕಟ್ಟೆಗೆ ಹೋಗುವ ರೈತನಿಗೆ ಇದು ಸಣ್ಣ ಮೊತ್ತವಲ್ಲ.

ಅದೇ ಶೀಟಿನ ಕೆಳಗೆ ಒಂದಡಿ ಬಿಟ್ಟು ಬಿದಿರು ತಟ್ಟಿ ಕಟ್ಟಿ, ಅದರ ಮೇಲೆ ಎರಡು ಮೂರು ಅಂಗುಲ ಒಣಹುಲ್ಲು ಹರಡಿದರೆ ನಷ್ಟ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದರೂ ಎಷ್ಟೋ ಮೇಲು, ಅದು ಬೇಸಿಗೆಗೂ ಆಗಿಬರುತ್ತದೆ. ಥರ್ಮೋಕೋಲ್ ಬಿಸಿಯನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಬೆಂಕಿ ತಗುಲಿದರೆ ಕ್ಷಣದಲ್ಲಿ ಹತ್ತಿ ಉರಿಯುವ ವಸ್ತುವನ್ನು ಕೆಂಪಗೆ ಕಾದ ಕಾಯಿಲಿನ ಮೇಲೆ ತೂಗಿಸುವುದನ್ನು ನಾನು ಒಪ್ಪಲಾರೆ. ಹುಲ್ಲಿಗೂ ಇದೇ ಎಚ್ಚರ ಬೇಕು. ಒಟ್ಟಿನಲ್ಲಿ, ಹೀಟರಿಗೆ ಎತ್ತಿಟ್ಟ ದುಡ್ಡಿನಲ್ಲಿ ಅರ್ಧ ಸೂರಿಗೆ ಹೋದರೆ ಉಳಿದರ್ಧಕ್ಕೆ ಕೊಂಡ ಚಿಕ್ಕ ಹೀಟರೇ ಸಾಕಾಗಬಹುದು. ಸೂರು ಹಾಗೇ ಬಿಟ್ಟರೆ ಎಷ್ಟು ದೊಡ್ಡದು ತಂದರೂ ತೂತು ಬಿಂದಿಗೆಗೆ ನೀರು ಸೇದಿದ ಹಾಗೆ.

ಇಷ್ಟೆಲ್ಲ ಬಿಸಿ ಹುಳಕ್ಕೆ ಯಾಕೆ ಎಂದು ಊರಿನಲ್ಲಿ ಬೆಳೆಯದವರು ಕೇಳಬಹುದು. ರೇಷ್ಮೆ ಹುಳುವಿಗೆ ತನ್ನದೇ ಮೈಬಿಸಿ ಇಲ್ಲ, ಸುತ್ತಲ ಗಾಳಿ ಎಷ್ಟೋ ಅದೂ ಅಷ್ಟೇ. ಮೊದಲ ಎರಡು ಹಂತದ ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ, ಗಾಳಿಯಲ್ಲಿ ಶೇಕಡಾ 85ರಿಂದ 90ರಷ್ಟು ತೇವ ಬೇಕು. ಬೆಳೆಯುತ್ತ ಹೋದಂತೆ ಎರಡೂ ಇಳಿಯುತ್ತವೆ. ಐದನೇ ಹಂತಕ್ಕೆ 24 ಡಿಗ್ರಿ, ಶೇಕಡಾ 65ರಿಂದ 70 ತೇವ ಸಾಕು. ಆಗ ಬಿಸಿಗಿಂತ ಗಾಳಿಯಾಟವೇ ಮುಖ್ಯ. ಇಪ್ಪತ್ತರ ಕೆಳಗೆ ಇಳಿದರೆ ಹುಳು ಮೇಯುವುದು ಕಡಿಮೆ ಮಾಡುತ್ತದೆ, ಜ್ವರಕ್ಕೆ, ಅಂದರೆ ಪೊರೆ ಕಳಚುವ ನಿದ್ದೆಗೆ, ಕೂತದ್ದು ಒಟ್ಟಿಗೆ ಏಳುವುದಿಲ್ಲ. ಅರ್ಧ ಎದ್ದಿರುತ್ತವೆ, ಅರ್ಧ ಮಲಗಿರುತ್ತವೆ, ಸೊಪ್ಪು ಹಾಕುವುದೋ ಬಿಡುವುದೋ ಎಂದು ರೈತ ನಿಂತೇ ಇರುತ್ತಾನೆ. ಒಂದು ದಿನ ತಡವಾದರೆ ಒಂದು ದಿನದ ಸೊಪ್ಪು, ಒಂದು ದಿನದ ಕೂಲಿ ಹೆಚ್ಚು. ತಂಪಿನ ಜೊತೆ ತೇವವೂ ಸೇರಿಕೊಂಡರೆ ಸುಣ್ಣಕಟ್ಟು ರೋಗ ಕಾದು ಕೂತಿರುತ್ತದೆ.

ಮೇಲಿನ ಅಂಕಿಗಳಲ್ಲೇ ಹೀಟರಿನ ಇನ್ನೊಂದು ತೊಡಕೂ ಇದೆ. ಬೆಳಗಿನ ಜಾವದ ಗಾಳಿ 13 ಡಿಗ್ರಿಯಲ್ಲಿ ಶೇಕಡಾ 90ರಷ್ಟು ತೇವ ಹೊತ್ತಿದೆ ಅನ್ನಿ. ಅದೇ ಗಾಳಿಯನ್ನು, ಒಂದು ಹನಿ ನೀರೂ ಸೇರಿಸದೆ, 25 ಡಿಗ್ರಿಗೆ ಕಾಯಿಸಿದರೆ ತೇವ ಶೇಕಡಾ 43ರ ಸುಮಾರಿಗೆ ಇಳಿಯುತ್ತದೆ. ನೀರು ಎಲ್ಲೂ ಹೋಗಿಲ್ಲ. ಬಿಸಿ ಗಾಳಿಗೆ ನೀರು ಹಿಡಿಯುವ ಶಕ್ತಿ ಹೆಚ್ಚಾದ್ದರಿಂದ ಅದು ಬಾಯಾರಿದಂತೆ ಸೊಪ್ಪಿನಿಂದ ಹೀರತೊಡಗುತ್ತದೆ. ರಾತ್ರಿ ಹಾಕಿದ ಎಳೆ ಸೊಪ್ಪು ಬೆಳಗಾಗುವುದರಲ್ಲಿ ಅಂಚು ಮುದುರಿ ಕಾಗದದಂತಾಗುತ್ತದೆ. ಮರಿಹುಳುವಿಗೆ ಅದು ಹಲ್ಲಿಗೆ ಬರುವುದಿಲ್ಲ. ಹಾಗಾಗಿ ಹೀಟರ್ ಇಟ್ಟ ಮನೆಯಲ್ಲಿ ಕಿಟಕಿಗೆ ಒದ್ದೆ ಗೋಣಿಚೀಲವೋ ನೀರು ತುಂಬಿದ ಅಗಲ ಬಾಯಿಯ ಪಾತ್ರೆಯೋ ಇರಲೇಬೇಕು. ಇದೇ ಕಾರಣಕ್ಕೆ ಗಾಳಿ ಊದುವ ಬ್ಲೋಯರ್ ಹೀಟರನ್ನು ಚಾಕಿ ತಟ್ಟೆಗಳ ಎದುರಿಗೆ ತಿರುಗಿಸಿ ಇಡುವುದು ತಪ್ಪು. ಅದರ ಮುಂದಿನ ನಾಲ್ಕು ತಟ್ಟೆ ಬಾಡುತ್ತವೆ, ಮೂಲೆಯ ತಟ್ಟೆ ತಣ್ಣಗೇ ಇರುತ್ತದೆ. ಐದನೇ ಹಂತದಲ್ಲಿ, ಕಸ ಹಿಕ್ಕೆಗಳಿಂದ ಹಾಸಿಗೆ ಒದ್ದೆಯಾಗುವಾಗ, ಅದೇ ಬ್ಲೋಯರನ್ನು ಗೋಡೆಯ ಕಡೆ ತಿರುಗಿಸಿ ನಿಧಾನಕ್ಕೆ ಬಿಟ್ಟರೆ ಉಪಕಾರವೇ ಆದೀತು.

ಈಗ ಅಂಗಡಿಯ ಮಾತಿಗೆ ಬರೋಣ. “ಇದು ಕರೆಂಟ್ ಕಮ್ಮಿ ತಿನ್ನುತ್ತೆ ಸಾರ್, ಬಿಸಿ ಡಬಲ್” ಎಂಬ ಮಾತನ್ನು ನಾನು ಒಂದೇ ಸಂಜೆ ಎರಡು ಅಂಗಡಿಯಲ್ಲಿ ಕೇಳಿದ್ದೇನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಪವಾಡಕ್ಕೆ ಕೇಳಿದ ಪ್ರಶ್ನೆಯನ್ನು ಅವರ ಸೀಮೆಯವರಾದ ನಾವು ಹೀಟರಿನ ಡಬ್ಬಕ್ಕೂ ಕೇಳಬೇಕು. ಕಾಯಿಲ್, ರಾಡ್, ಹ್ಯಾಲೋಜೆನ್, ಸೆರಾಮಿಕ್, ಎಣ್ಣೆ ತುಂಬಿದ್ದು: ಹೊಟ್ಟೆಯಲ್ಲಿ ತಂತಿ ಕಾದು ಬಿಸಿ ಕೊಡುವ ಯಾವ ಹೀಟರಾದರೂ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಬಿಸಿಯನ್ನೇ ಕೊಡುತ್ತದೆ. ಸಾವಿರ ರೂಪಾಯಿಯದೂ ಅಷ್ಟೇ, ಹತ್ತು ಸಾವಿರದ್ದೂ ಅಷ್ಟೇ. ಡಬಲ್ ಕೊಡುವುದು ಪ್ರಕೃತಿಯ ಲೆಕ್ಕದಲ್ಲಿ ಇಲ್ಲ. ಎಣ್ಣೆ ಹೀಟರಿನಲ್ಲಿ ಒಂಬತ್ತು ರೆಕ್ಕೆಯೋ ಹದಿಮೂರು ರೆಕ್ಕೆಯೋ ಎಂದು ಎಣಿಸಿ ಜಾಸ್ತಿ ದುಡ್ಡು ಕೊಡುವವರಿದ್ದಾರೆ; ರೆಕ್ಕೆ ಹೆಚ್ಚಿದರೆ ಬಿಸಿ ಅಗಲವಾಗಿ ಹರಡಿ ಮೈ ಮುಟ್ಟಿದರೆ ಸುಡುವುದು ಕಡಿಮೆಯಾಗುತ್ತದೆ, ಅಷ್ಟೇ. ಡಬ್ಬದ ಮೇಲೆ ಬರೆದ ವ್ಯಾಟ್ ಎಷ್ಟೋ ಬಿಸಿಯೂ ಅಷ್ಟು.

ಹಾಗಾದರೆ ಹೆಚ್ಚು ದುಡ್ಡು ಯಾವುದಕ್ಕೆ? ಹಿಡಿತಕ್ಕೆ. ಬೇಕಾದಷ್ಟು ಬಿಸಿಯಾದ ಕೂಡಲೆ ತಾನೇ ಆಫ್ ಆಗಿ, ತಣ್ಣಗಾದರೆ ತಾನೇ ಆನ್ ಆಗುವ ಥರ್ಮೋಸ್ಟ್ಯಾಟಿಗೆ, ಉರುಳಿ ಬಿದ್ದರೆ ಕರೆಂಟ್ ಕಡಿಯುವ ಸ್ವಿಚ್ಚಿಗೆ ಕೊಟ್ಟ ದುಡ್ಡು ವ್ಯರ್ಥವಲ್ಲ. ಹುಳು ಮನೆಯಲ್ಲಿ ಒಣ ಸೊಪ್ಪು, ಹಳೆ ಪೇಪರ್, ಹುಳು ಗೂಡು ಕಟ್ಟುವ ಪ್ಲಾಸ್ಟಿಕ್ ಚಂದ್ರಿಕೆ ಎಲ್ಲವೂ ಇರುತ್ತವೆ. ಅಲ್ಲಿ ಕೆಂಪಗೆ ಕಾಯುವ ರಾಡ್ ಹೀಟರ್ ಬೇಡವೇ ಬೇಡ. ಎಣ್ಣೆ ಹೀಟರ್ ನಿಧಾನಕ್ಕೆ ಕಾಯುತ್ತದೆ, ಕರೆಂಟ್ ಹೋದ ಮೇಲೂ ಸ್ವಲ್ಪ ಹೊತ್ತು ಬಿಸಿ ಬಿಡುತ್ತದೆ, ಬೆಳಕಿಲ್ಲ, ಊದುವುದಿಲ್ಲ. ಇರುವುದರಲ್ಲಿ ಹುಳುವಿಗೆ ಹೊಂದುವುದು ಅದೇ. ಅದರ ಜೊತೆ, ಹಾಸಿಗೆಯ ಮಟ್ಟದಲ್ಲಿ ತೂಗುಹಾಕಿದ ಒಂದು ಥರ್ಮಾಮೀಟರ್ ಬೇಕು. ಗೋಡೆಯ ಮೇಲಿನ ಅಂಕಿ ಬೇರೆ, ಹುಳು ಮಲಗಿದ ಜಾಗದ ಅಂಕಿ ಬೇರೆ.

ಒಂದು ಯೂನಿಟ್ಟಿಗೆ ಒಂದು ಯೂನಿಟ್ ಎಂಬ ನಿಯಮವನ್ನು ಮೀರುವ ಯಂತ್ರ ಒಂದೇ ಇದೆ, ಬಿಸಿಯನ್ನೂ ಕೊಡುವ ಎ.ಸಿ. ಅದು ಬಿಸಿ ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಒಳಗೆ ಸಾಗಿಸುತ್ತದೆ. ಹೊರಗೆ ಹನ್ನೆರಡು ಡಿಗ್ರಿ ಇದ್ದಾಗ ಒಂದು ಯೂನಿಟ್ಟಿಗೆ ಮೂರು ಯೂನಿಟ್ಟಿನಷ್ಟು ಬಿಸಿ ಸಿಗುತ್ತದೆ. ನಮ್ಮ ಹದವಾದ ಚಳಿಗೆ ಹೇಳಿ ಮಾಡಿಸಿದಂತಿದೆ. ಮೊಟ್ಟೆ ಒಡೆಸಿ ಸಾವಿರಾರು ರೈತರಿಗೆ ಹುಳು ಕೊಡುವ ಚಾಕಿ ಸಾಕಣೆ ಕೇಂದ್ರಗಳಿಗೆ ಇದು ಲಾಭದ ಮಾತು. ಒಂಟಿ ರೈತನ ಶೀಟಿನ ಮನೆಗೆ ಅಲ್ಲ. ಸುಣ್ಣ, ಬ್ಲೀಚಿಂಗ್ ಪುಡಿ, ಸೊಪ್ಪಿನ ಧೂಳಿನ ನಡುವೆ ಅದರ ಜಾಲರಿ ಎಷ್ಟು ದಿನ ಬಾಳೀತು?

ಮುಖ್ಯ ವಿಷಯ ಇನ್ನೂ ಬಾಕಿ ಇದೆ: ಕೆಂಡ. ಇದ್ದಿಲಿನ ಕೆಂಡಕ್ಕೆ ಹೊಗೆ ಇಲ್ಲ, ಕಣ್ಣು ಉರಿಯುವುದಿಲ್ಲ. ಹಾಗಾಗಿಯೇ ಅದನ್ನು ನಂಬುತ್ತೇವೆ. ಮುಚ್ಚಿದ ಕೋಣೆಯಲ್ಲಿ ಅದು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ತೂಕಡಿಕೆ. ನಿದ್ದೆಯಲ್ಲಿರುವವನಿಗೆ ಇದು ಯಾವುದೂ ಗೊತ್ತೇ ಆಗುವುದಿಲ್ಲ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ನಾಲ್ಕನೇ ಜ್ವರದ ಹುಳು ಕಾಯಲು ಅಮ್ಮ ಹುಳು ಮನೆಯಲ್ಲೇ ಮಲಗಿದ್ದಳು. ಒಳಗೆ ಕೆಂಡ, ಬಾಗಿಲು ಹಾಕಿತ್ತು, ಕಿಟಕಿಗೆಲ್ಲ ಗೋಣಿ. ಬೆಳಿಗ್ಗೆ ನಾನು ಸೊಪ್ಪಿನ ಹೊರೆ ಹೊತ್ತು ಬಂದು ಬಾಗಿಲು ದೂಡಿದಾಗ ಅವಳು ಎದ್ದು ಕೂತಿದ್ದಳು, ಆದರೆ ನನ್ನ ಹೆಸರು ಹೇಳಲು ಅವಳಿಗೆ ತುಸು ಹೊತ್ತು ಬೇಕಾಯಿತು. ಹೊರಗೆ ಎಳೆದು ತಂದು ಕಟ್ಟೆಯ ಮೇಲೆ ಕೂರಿಸಿದೆವು. ಮಧ್ಯಾಹ್ನದವರೆಗೂ ತಲೆ ಹಿಡಿದುಕೊಂಡೇ ಇದ್ದಳು. ಚಳಿಗೆ ಹೀಗಾಗಿದೆ ಎಂದು ಮನೆಯವರೆಲ್ಲ ಅಂದುಕೊಂಡೆವು.

ಹುಳುಗಳು ಅವತ್ತು ಚೆನ್ನಾಗಿಯೇ ಇದ್ದವು. ಇದು ನನ್ನನ್ನು ಬಹಳ ವರ್ಷ ಕಾಡಿತು. ಗಾಳಿ ಕೆಟ್ಟಿದ್ದರೆ ಅಷ್ಟು ಸೂಕ್ಷ್ಮ ಜೀವ ಮೊದಲು ಸಾಯಬೇಕಿತ್ತಲ್ಲ? ಉತ್ತರ ಹುಳುವಿನ ಮೈಯಲ್ಲಿದೆ. ರೇಷ್ಮೆ ಹುಳುವಿನ ಎರಡೂ ಪಕ್ಕೆಗಳಲ್ಲಿ ಒಂಬತ್ತು ಜೊತೆ ಸಣ್ಣ ತೂತುಗಳಿವೆ. ಗಾಳಿ ಅಲ್ಲಿಂದ ನವಿರಾದ ಕೊಳವೆಗಳ ಮೂಲಕ ನೇರವಾಗಿ ಮೈಯ ಒಳಗಿನ ಎಲ್ಲ ಕಡೆಗೂ ಹೋಗುತ್ತದೆ. ಆಮ್ಲಜನಕ ಹೊರಲು ಅದಕ್ಕೆ ಕೆಂಪು ರಕ್ತ ಬೇಕಿಲ್ಲ, ಹಿಮೋಗ್ಲೋಬಿನ್ ಇಲ್ಲ. ಮನುಷ್ಯನನ್ನು ಕೊಲ್ಲುವಷ್ಟು ಕಾರ್ಬನ್ ಮೊನಾಕ್ಸೈಡ್ ಇರುವಲ್ಲೂ ಹುಳು ಮೇಯುತ್ತಿರಬಹುದು. ಹುಳು ಚೆನ್ನಾಗಿದೆ, ಹಾಗಾದರೆ ಗಾಳಿಯೂ ಚೆನ್ನಾಗಿದೆ ಎಂದು ನಂಬುವ ರೈತ, ಜಗತ್ತಿನಲ್ಲೇ ಅತ್ಯಂತ ತಪ್ಪು ಸಾಕ್ಷಿಯನ್ನು ನಂಬಿದ್ದಾನೆ. ಈ ಒಂದು ಮಾತನ್ನು ರೇಷ್ಮೆ ಇಲಾಖೆಯ ಪ್ರತಿ ತರಬೇತಿಯಲ್ಲೂ ಹೇಳಬೇಕು, ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನ ಹುಡುಗರು ಹಳ್ಳಿಗೆ ಬಂದಾಗ ಮೊದಲು ಇದನ್ನೇ ಹೇಳಬೇಕು ಎಂಬುದು ನನ್ನ ಕೋರಿಕೆ.

ಬಾಣಂತಿಯ ಕೋಣೆಯ ಕೆಂಡವೂ ಇದಕ್ಕಿಂತ ಬೇರೆಯಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಗಾಳಿ ಸೋಕದ ಕೋಣೆ, ಮಂಚದ ಕೆಳಗೆ ಅಗ್ಗಿಷ್ಟಿಕೆ. ಹೆರಿಗೆಯಾದವಳಿಗೆ ಬಿಸಿ ಬೇಕು ಎಂಬ ಹಿರಿಯರ ಮಾತು ತಪ್ಪಲ್ಲ. ಹಸುಗೂಸಿಗೆ ಮೈಬಿಸಿ ಉಳಿಸಿಕೊಳ್ಳುವ ಶಕ್ತಿ ಕಡಿಮೆ, ಅದಕ್ಕೆಂದೇ ಹೆರಿಗೆ ಕೋಣೆ 25 ಡಿಗ್ರಿಗೆ ಕಡಿಮೆಯಿರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬಿಸಿ ಬೇಕು, ಕೆಂಡ ಬೇಡ. ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ ಮೇಲೆ ಹೊದಿಸುವುದು ಎಲ್ಲಕ್ಕಿಂತ ಒಳ್ಳೆಯ ಹೀಟರ್. ಕೋಣೆಗೆ ಬೇಕೆಂದರೆ ಎಣ್ಣೆ ಹೀಟರ್, ಮಂಚದಿಂದ ಮೂರಡಿ ಆಚೆ, ಮೇಲೆ ಲಂಗೋಟಿ ಒಣಹಾಕದೆ.

ಇಲ್ಲಿಗೆ ರೈತ ನನ್ನನ್ನು ತಡೆದು ನಿಲ್ಲಿಸುತ್ತಾನೆ. “ಕರೆಂಟ್ ಇರಬೇಕಲ್ಲಣ್ಣ. ರಾತ್ರಿ ಎರಡಕ್ಕೆ ಹೋದರೆ ಬರೋದು ಬೆಳಿಗ್ಗೆ. ಇದ್ದಾಗಲೂ ಓಲ್ಟೇಜ್ ಇರಲ್ಲ.” ಈ ಮಾತಿಗೆ ಸುಲಭದ ಉತ್ತರವಿಲ್ಲ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ 2,000 ವ್ಯಾಟಿನ ಹೀಟರ್ ಹೆಚ್ಚುಕಡಿಮೆ 1,200 ವ್ಯಾಟಿನ ಕೆಲಸವನ್ನಷ್ಟೇ ಮಾಡುತ್ತದೆ. ಚಳಿ ಹೆಚ್ಚಿರುವ ಹೊತ್ತಿಗೇ ಅದು ಕುಂಟುತ್ತದೆ. ದುಡ್ಡಿನ ಮಾತೂ ಇದೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಉಚಿತವಿರುವುದು ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಮಾತ್ರ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. 2 ಕಿಲೋವ್ಯಾಟಿನ ಹೀಟರ್ ದಿನಕ್ಕೆ ನಾಲ್ಕು ಗಂಟೆ ಉರಿದರೆ ತಿಂಗಳಿಗೆ 240 ಯೂನಿಟ್. ಕರೆಂಟ್ ಫ್ರೀ ಎಂದುಕೊಂಡು ಹೀಟರ್ ಹಚ್ಚಿದ ಮನೆಗೆ ಮುಂದಿನ ತಿಂಗಳ ಬಿಲ್ಲು ಏಟು ಕೊಡುತ್ತದೆ.

ಇದಕ್ಕೆ ನಮ್ಮಲ್ಲೇ ಒಂದು ದಾರಿ ಇದೆ, ಹಂಡೆ. ಹಿಪ್ಪುನೇರಳೆ ತೋಟ ಇರುವವನಿಗೆ ಕಡ್ಡಿಗೆ ಬರವಿಲ್ಲ. ಸೊಪ್ಪು ಮೇದು ಉಳಿದ ಕಡ್ಡಿಯ ರಾಶಿ ಹುಳು ಮನೆಯ ಹಿಂದೆ ಬಿದ್ದೇ ಇರುತ್ತದೆ. ಆ ಕಡ್ಡಿಯನ್ನು ಹೊರಗಿನ ಒಲೆಯಲ್ಲಿ ಉರಿಸಿ ನೀರು ಕಾಯಿಸಿ, ನೀರನ್ನು ಮಾತ್ರ ಒಳಗೆ ತರಬೇಕು. 100 ಲೀಟರ್ ನೀರು 60 ಡಿಗ್ರಿಯಿಂದ 30ಕ್ಕೆ ಆರುವಾಗ ಮೂರೂವರೆ ಯೂನಿಟ್ ಕರೆಂಟಿನಷ್ಟು ಬಿಸಿ ಕೋಣೆಗೆ ಕೊಡುತ್ತದೆ. ಅಂಥ ಎರಡು ಡ್ರಮ್ಮು ರಾತ್ರಿ ಹತ್ತಕ್ಕೆ ತುಂಬಿಟ್ಟರೆ ಬೆಳಗಿನವರೆಗೆ ಏಳು ಯೂನಿಟ್. ಬೆಂಕಿ ಹೊರಗೆ, ಬಿಸಿ ಒಳಗೆ. ಚಾಕಿ ಹೊತ್ತಿನಲ್ಲಿ ಮುಚ್ಚಳ ಓರೆ ಮಾಡಿದರೆ ಹಬೆಯೂ ಸಿಗುತ್ತದೆ, ಸೊಪ್ಪು ಬಾಡುವುದಿಲ್ಲ. ದೊಡ್ಡ ಹುಳುವಿಗೆ ಮುಚ್ಚಳ ಬಿಗಿ ಹಾಕಬೇಕು. ಕರೆಂಟ್ ಹೋದರೆ ನೀರಿಗೆ ಗೊತ್ತಾಗುವುದಿಲ್ಲ. ಸೂರು ಸರಿ ಮಾಡಿದ ಮನೆಯಲ್ಲಿ ಎರಡು ಡ್ರಮ್ಮು, ಜೊತೆಗೆ ಥರ್ಮೋಸ್ಟ್ಯಾಟ್ ಇರುವ ಒಂದೇ ಹೀಟರ್ ಇದ್ದರೆ ಹೆಚ್ಚಿನ ರಾತ್ರಿ ನಡೆದುಹೋಗುತ್ತದೆ. ಬಿಸಿನೀರು ಹೊರುವಾಗ ಮೈಮೇಲೆ ಚೆಲ್ಲದಂತೆ ಒಲೆಯಿಂದ ಡ್ರಮ್ಮಿಗೆ ಪೈಪು ಎಳೆದುಕೊಳ್ಳುವುದು ಒಳ್ಳೆಯದು.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಹೇಳದೆ ಬಿಡಲಾರೆ. 2,000 ವ್ಯಾಟ್ ಎಂದರೆ ಸುಮಾರು 8.7 ಆಂಪಿಯರ್. ಫ್ಯಾನು, ಲೈಟಿನ ಬೋರ್ಡಿನ ಚಿಕ್ಕ ಪಾಯಿಂಟ್ ಇರುವುದು 6 ಆಂಪಿಯರಿಗೆ. ನಮ್ಮ ಮನೆಯಲ್ಲೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದ ಹೀಟರ್ ಪಿನ್ನು ಬೆಳಿಗ್ಗೆ ಎಳೆದರೆ ಬರಲಿಲ್ಲ. ಪ್ಲಾಸ್ಟಿಕ್ ಕರಗಿ ಪಿನ್ನಿಗೆ ಮೇಣದಂತೆ ಅಂಟಿಕೊಂಡಿತ್ತು, ಕೆಳಗೆ ಹಾಸಿದ್ದ ಪೇಪರಿನ ಮೇಲೆ ಕಾಫಿ ಲೋಟದಷ್ಟು ಅಗಲದ ಕಂದು ಕಲೆ. ಅದೇ ಪೇಪರಿನ ಇನ್ನೊಂದು ತುದಿಯಲ್ಲಿ ಹುಳುಗಳು ಸೊಪ್ಪು ತಿನ್ನುತ್ತಿದ್ದವು. ಹೀಟರಿಗೆಂದೇ ಎರಡೂವರೆ ಚದರ ಎಂ.ಎಂ. ವೈರಿನ ಬೇರೆ ಲೈನು, 16 ಆಂಪಿಯರಿನ ಪವರ್ ಪಾಯಿಂಟು, ಸರಿಯಾದ ಅರ್ಥಿಂಗ್, ಒದ್ದೆ ಕೈಯಲ್ಲಿ ಮುಟ್ಟಿದರೂ ಜೀವ ಉಳಿಸುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಹೀಟರಿನ ಮೇಲೆ ಐಎಸ್‌ಐ ಗುರುತು: ಇವು ಇಲ್ಲದಿದ್ದರೆ ಹೀಟರ್ ತರುವುದನ್ನೇ ಮುಂದಕ್ಕೆ ಹಾಕಿ.

ಹುಳು ಸಾಕದವರ ಮನೆಯ ಕಥೆ ಬೇರೆ. ಚಿಕ್ಕಬಳ್ಳಾಪುರದಲ್ಲೋ ಚಿಂತಾಮಣಿಯಲ್ಲೋ ಆರ್‌ಸಿಸಿ ಮನೆಯಲ್ಲಿ ಆರೋಗ್ಯವಾಗಿರುವವರಿಗೆ ಇಡೀ ಕೋಣೆ ಕಾಯಿಸುವ ಅಗತ್ಯವಿಲ್ಲ, ಕಂಬಳಿ, ಟೋಪಿ, ಬಿಸಿನೀರಿನ ಚೀಲ ಸಾಕು. ಆದರೆ ಎಪ್ಪತ್ತು ದಾಟಿದ ಅಜ್ಜಿಯ ಕೋಣೆಯನ್ನು ಹಾಗೆ ಬಿಡುವಂತಿಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಚಳಿಯ ಕಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು ಎಂದು ಹೇಳಿತು, ವಯಸ್ಸಾದವರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದೆಂದೂ ಸೇರಿಸಿತು. ಒಂದು ಚಿಕ್ಕ ಮಲಗುವ ಕೋಣೆಯ, ಹತ್ತಡಿಗೆ ಹನ್ನೆರಡಡಿ, ಒಳಗಿನ ಗಾಳಿಯನ್ನಷ್ಟೇ ಹತ್ತು ಡಿಗ್ರಿ ಏರಿಸಲು ಬೇಕಾದ್ದು ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ. ಉಳಿದದ್ದೆಲ್ಲ ಸೂರು, ಗೋಡೆ, ಬಾಗಿಲ ಕೆಳಗಿನ ಸಂದು ತಿನ್ನುವುದು. ಬಾಗಿಲ ಕೆಳಗೆ ಹಳೆ ಸೀರೆ ಸುತ್ತಿಟ್ಟು, ಕಿಟಕಿಗೆ ದಪ್ಪ ಪರದೆ ಎಳೆದು, ಸಂಜೆ ಐದಕ್ಕೇ, ಬಿಸಿಲಿನ ಬಿಸಿ ಇನ್ನೂ ಒಳಗಿರುವಾಗಲೇ ಮುಚ್ಚಿದರೆ 800 ವ್ಯಾಟಿನ ಹೀಟರೂ ಸಾಕು. ನಾವು ಹಾಗೆ ಮಾಡುವುದಿಲ್ಲ. ರಾತ್ರಿ ಒಂಬತ್ತರವರೆಗೆ ಎಲ್ಲ ತೆರೆದಿಟ್ಟು, ಮಲಗುವಾಗ ಮುಚ್ಚಿ, ತಣ್ಣಗಾದ ಗೋಡೆಗಳನ್ನು ದುಡ್ಡು ಕೊಟ್ಟು ಕಾಯಿಸುತ್ತೇವೆ.

ಹುಳು ಮನೆ ಕಟ್ಟಲು ಸರ್ಕಾರ ಸಹಾಯಧನ ಕೊಡುತ್ತದೆ. ಅಳತೆ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಗೋಡೆ ಶೀಟು ಎಲ್ಲ ಸರಿ ಇದೆಯೇ ಎಂದು ನೋಡುತ್ತಾರೆ. ಶೀಟಿನ ಕೆಳಗೆ ಒಳಸೂರೂ ಕಡ್ಡಾಯವಾಗಲಿ ಎಂಬುದು ನನ್ನ ಬೇಡಿಕೆ. ಹೀಟರಿಗೆ ಬೇರೆ ಲೈನು, ಅರ್ಥಿಂಗ್ ಇರುವ ವೈರಿಂಗೂ ಆ ಎಸ್ಟಿಮೇಟಿನೊಳಗೇ ಬರಲಿ. ಮತ್ತೆ, ಮನೆಯನ್ನು ಒಮ್ಮೆಯಾದರೂ ಜನವರಿಯ ಬೆಳಗಿನ ಜಾವ ನಾಲ್ಕಕ್ಕೆ ಬಂದು ಅಳೆಯಲಿ. ಹಗಲು ಹನ್ನೊಂದರ ಭೇಟಿಯಲ್ಲಿ ಎಲ್ಲ ಹುಳು ಮನೆಗಳೂ ಬೆಚ್ಚಗೇ ಇರುತ್ತವೆ.

ಹೋದ ವರ್ಷ ನನ್ನ ತಮ್ಮ ನಮ್ಮ ಹಳೆಯ ಹುಳು ಮನೆಗೆ ತಟ್ಟಿ ಕಟ್ಟಿಸಿದ. ಮೇಲೆ ರಾಗಿ ಹುಲ್ಲು ಹಾಕಿದ, ಇಲಿ ಸೇರುತ್ತವೆಂದು ಅಮ್ಮ ಬೇಡವೆಂದಿದ್ದಳು, ಸೇರಿಕೊಂಡವು ಕೂಡ. ಅವಕ್ಕೆ ಬೋನು ಇಡಬೇಕಾಯಿತು, ಹುಲ್ಲಿನ ಕೆಳಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆಸಬೇಕಾಯಿತು. ಧನುರ್ಮಾಸದಲ್ಲಿ ನಾನು ಊರಿಗೆ ಹೋದಾಗ ಮೂರನೇ ಜ್ವರ ನಡೆಯುತ್ತಿತ್ತು. ಬೆಳಗಿನ ಜಾವ ಬಾಗಿಲು ತೆರೆದರೆ ಹೀಟರಿನ ಕೆಂಪು ದೀಪ ಆರಿತ್ತು. ಕರೆಂಟ್ ಹೋಗಿದೆ ಎಂದುಕೊಂಡು ಲೈಟ್ ಹಾಕಿದೆ, ಹತ್ತಿತು. ಹಾಸಿಗೆಯ ಪಕ್ಕ ತೂಗಿದ್ದ ಥರ್ಮಾಮೀಟರಿನಲ್ಲಿ 25 ಇತ್ತು. ಅಮ್ಮ ನನ್ನ ಹಿಂದೆಯೇ ಬಂದಳು, ಅಂಕಿ ನೋಡಲಿಲ್ಲ, ಅಪ್ಪನ ಹಾಗೆಯೇ ಹಿಂಗೈಯನ್ನು ಹುಳುವಿನ ಮೇಲೆ ಹಿಡಿದು ನಿಂತಳು.